ಗೊತ್ತಿದ್ದ ಕೆಲಸ ಒತ್ತಡದಲ್ಲಿ ಯಾಕೆ ಕೈಕೊಡುತ್ತದೆ?

2004ರ ಅಥೆನ್ಸ್ ಒಲಿಂಪಿಕ್ಸ್. 10 ಮೀಟರ್ ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ ಅಭಿನವ್ ಬಿಂದ್ರಾ 600ಕ್ಕೆ 597 ಅಂಕ ಗಳಿಸಿ ಮೂರನೆಯವರಾಗಿ ಫೈನಲ್‌ಗೆ ಹೋದರು. ಫೈನಲ್ ಮುಗಿದಾಗ ಅವರು ಏಳನೇ ಸ್ಥಾನದಲ್ಲಿದ್ದರು. ನಾಲ್ಕು ವರ್ಷದ ನಂತರ, 2008ರ ಆಗಸ್ಟ್ 11ರಂದು, ಬೀಜಿಂಗ್‌ನಲ್ಲಿ ಮತ್ತೆ ಫೈನಲ್. ಕೊನೆಯ ಒಂದು ಗುಂಡು ಉಳಿದಿದ್ದಾಗ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಇಬ್ಬರದ್ದೂ ಸಮ ಅಂಕ. ಆ ಗುಂಡಿಗೆ ಹಕ್ಕಿನೆನ್‌ಗೆ ಸಿಕ್ಕಿದ್ದು 9.7. ಬಿಂದ್ರಾಗೆ 10.8. ಒಂದು ಗುಂಡಿಗೆ ಸಿಗಬಹುದಾದ ಗರಿಷ್ಠ ಅಂಕವೇ 10.9. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ಬಂದಿದ್ದು ಹೀಗೆ.

ಈ ಎರಡು ಫೈನಲ್‌ಗಳ ನಡುವೆ ಬಿಂದ್ರಾಗೆ ಧೈರ್ಯ ಜಾಸ್ತಿಯಾಯಿತು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಹತ್ತು ಸಲ ಸರಿಯಾಗಿ ಬಿಡಿಸಿದ ಲೆಕ್ಕ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ತಪ್ಪಾಗುತ್ತದೆ. ಗೆಳೆಯರ ಮುಂದೆ ಸಲೀಸಾಗಿ ಮಾತಾಡುವವರಿಗೆ ಸಂದರ್ಶನದಲ್ಲಿ ತಮ್ಮದೇ ಕೆಲಸದ ಬಗ್ಗೆ ಎರಡು ವಾಕ್ಯ ಬರುವುದಿಲ್ಲ. ಅವರಿಗೆಲ್ಲ ನಾವು ಹೇಳುವುದು ಒಂದೇ: "ಹೆದರಬೇಡ, ಧೈರ್ಯವಾಗಿರು." ಈ ಮಾತಿನಲ್ಲಿ ಪ್ರೀತಿ ಇದೆ, ಆದರೆ ಏನು ಮಾಡಬೇಕು ಅನ್ನುವುದು ಇಲ್ಲ. ಹೆದರಿಕೆಯೇನೂ ಸ್ವಿಚ್ ಹಾಕಿ ಆರಿಸುವ ವಸ್ತು ಅಲ್ಲ ಅಲ್ವಾ?

ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬೇರೆ ರೀತಿ ಕೇಳಿದರು. ಒತ್ತಡ ಬಂದಾಗ ತಲೆಯೊಳಗೆ ನಿಜವಾಗಿ ಏನು ಬದಲಾಗುತ್ತದೆ? ನಲವತ್ತು ವರ್ಷಗಳ ಪ್ರಯೋಗಗಳಿಂದ ಸಿಕ್ಕ ಉತ್ತರ ಸರಳವಾಗಿದೆ. ಒತ್ತಡದಲ್ಲಿ ಮೊದಲು ಕೆಡುವುದು ಗಮನ. ಕೈ ಕೆಡುವುದು ಆಮೇಲೆ. ಗಮನ ಎಲ್ಲಿರಬೇಕು ಅನ್ನುವುದನ್ನು ಮುಂಚೆಯೇ ತೀರ್ಮಾನಿಸಿ, ಅದನ್ನೂ ಅಭ್ಯಾಸ ಮಾಡಿಕೊಳ್ಳಬಹುದು. ಈ ಒಂದು ವಿಷಯ ಮನೆಯವರಿಗೆ, ಮೇಷ್ಟರಿಗೆ, ಕೋಚ್‌ಗಳಿಗೆ ಗೊತ್ತಾದರೆ ಎಷ್ಟೋ ಮಕ್ಕಳು "ನನ್ನ ಕೈಲಾಗಲ್ಲ" ಅಂದುಕೊಳ್ಳುವುದು ತಪ್ಪುತ್ತದೆ ಅಂತ ನಾನು ಮನಸಾರೆ ನಂಬಿದ್ದೇನೆ.

ಎರಡು ಬಗೆಯ ಎಡವಟ್ಟು

1984ರಲ್ಲಿ ಅಮೆರಿಕದ ರಾಯ್ ಬಾಮೈಸ್ಟರ್ ಒಂದು ವಿವರಣೆ ಕೊಟ್ಟರು. ಪಳಗಿದ ಕೆಲಸವನ್ನು ದೇಹ ತಾನಾಗಿಯೇ ಮಾಡುತ್ತಿರುತ್ತದೆ. ಒತ್ತಡ ಹೆಚ್ಚಾದಾಗ ನಾವು ನಮ್ಮನ್ನೇ ಗಮನಿಸಿಕೊಳ್ಳಲು ಶುರು ಮಾಡುತ್ತೇವೆ. ತಪ್ಪಾಗಬಾರದು ಅಂತ ಪ್ರತಿ ಚಲನೆಯ ಮೇಲೂ ಕಣ್ಣಿಡುತ್ತೇವೆ. ಹಾಗೆ ಕಣ್ಣಿಟ್ಟಿದ್ದರಿಂದಲೇ ಸರಾಗವಾಗಿ ಹರಿಯುತ್ತಿದ್ದ ಚಲನೆ ತುಂಡು ತುಂಡಾಗುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ ಪ್ರಯೋಗವೊಂದು 2002ರಲ್ಲಿ ಪ್ರಕಟವಾಯಿತು. ಮನಶ್ಶಾಸ್ತ್ರಜ್ಞೆ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಫುಟ್‌ಬಾಲ್ ಆಟಗಾರರಿಗೆ ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಚೆಂಡನ್ನು ಕಾಲಿನಿಂದ ಒಯ್ಯಲು ಹೇಳಿದರು. ಒಂದು ಸಲ, ಚೆಂಡು ಪಾದದ ಯಾವ ಬದಿಗೆ ತಾಗಿತು ಅಂತ ಗಮನಿಸಿ ಹೇಳಬೇಕಿತ್ತು. ಇನ್ನೊಂದು ಸಲ, ಆಡುತ್ತಲೇ ಕೇಳಿಬರುವ ಮಾತುಗಳಲ್ಲಿ ಒಂದು ಗೊತ್ತಾದ ಪದ ಬಂದಾಗ ಅದನ್ನು ಹೇಳಬೇಕಿತ್ತು. ಪಾದದ ಮೇಲೆ ಗಮನ ಇಟ್ಟಾಗ ಹೊಸಬರ ಆಟ ಸುಧಾರಿಸಿತು. ಪಳಗಿದವರ ಆಟ ನಿಧಾನವಾಯಿತು. ಅದೇ ಪಳಗಿದವರು ಗಮನವನ್ನು ಮಾತುಗಳ ಮೇಲಿಟ್ಟಾಗ ಚೆನ್ನಾಗಿ ಆಡಿದರು. ಅವರಿಗೆ ಅಷ್ಟಾಗಿ ರೂಢಿಯಿಲ್ಲದ ಎಡಗಾಲಿನಲ್ಲಿ ಆಡಿಸಿದಾಗ ಫಲಿತಾಂಶ ತಿರುಗಿತು. ಅಲ್ಲಿ ಅವರೂ ಹೊಸಬರ ಹಾಗೆ ಪಾದವನ್ನು ಗಮನಿಸಿದಾಗಲೇ ಚೆನ್ನಾಗಿ ಆಡಿದರು.

ಈ ಪ್ರಯೋಗ ನನಗೆ ತುಂಬಾ ಇಷ್ಟ. ಒಬ್ಬನೇ ಮನುಷ್ಯನಲ್ಲಿ, ಒಂದು ಕಾಲಿಗೆ ಒಳ್ಳೆಯದಾದ ಸಲಹೆ ಇನ್ನೊಂದು ಕಾಲಿಗೆ ಕೆಟ್ಟದ್ದು. ಕಲಿಯುವಾಗ "ಮೊಣಕೈ ನೋಡಿಕೊ, ಪಾದ ನೋಡಿಕೊ" ಅನ್ನುವುದು ಬೇಕು. ಕಲಿತಾದ ಮೇಲೆ, ಪಂದ್ಯದ ದಿನ, ಬೌಂಡರಿ ಗೆರೆಯಾಚೆ ನಿಂತು ಅದನ್ನೇ ಕೂಗುವ ಅಪ್ಪ ಮಗಳಿಗೆ ಸಹಾಯ ಮಾಡುತ್ತಿಲ್ಲ. ತಾನಾಗಿ ನಡೆಯುತ್ತಿದ್ದ ಕೆಲಸವನ್ನು ಅವಳ ಕೈಯಲ್ಲೇ ಬಿಚ್ಚಿಸುತ್ತಿದ್ದಾನೆ.

ಎರಡನೇ ಬಗೆಯ ಎಡವಟ್ಟು ಪರೀಕ್ಷಾ ಕೊಠಡಿಯದ್ದು. ಲೆಕ್ಕ ಮಾಡುವಾಗ, ವಾದ ಕಟ್ಟುವಾಗ ನಾವು ಕೆಲವು ವಿಷಯಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಈ ಜಾಗ ಬಹಳ ಚಿಕ್ಕದು. ಏಳರ ಆಸುಪಾಸು ಸಂಗತಿಗಳು ಹಿಡಿಸುತ್ತವೆ ಅಂತ 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದ್ದರು. ನಾಲ್ಕೇ ಅಂತ 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಚಿಕ್ಕ ಅಡುಗೆಮನೆಯ ಕಟ್ಟೆ ಇದ್ದ ಹಾಗೆ ಅಂದುಕೊಳ್ಳಿ. ಅದರ ಮೇಲೆ "ಫೇಲಾದರೆ ಏನು ಗತಿ", "ಅಮ್ಮ ಏನಂದಾರು" ಅನ್ನುವ ಎರಡು ದೊಡ್ಡ ಪಾತ್ರೆ ತಂದಿಟ್ಟರೆ ತರಕಾರಿ ಹೆಚ್ಚಲು ಜಾಗ ಎಲ್ಲಿ? ಲೆಕ್ಕ ಗೊತ್ತಿಲ್ಲ ಅಂತಲ್ಲ. ಮಾಡಲು ಜಾಗ ಉಳಿದಿಲ್ಲ.

ಇದರಲ್ಲಿ ಬೇಸರದ ಒಂದು ಅಂಶ ಇದೆ. 2005ರಲ್ಲಿ ಬೈಲಾಕ್ ಮತ್ತು ಥಾಮಸ್ ಕಾರ್ ಈ ಜಾಗ ಜಾಸ್ತಿ ಇರುವವರನ್ನೂ ಕಡಿಮೆ ಇರುವವರನ್ನೂ ಒತ್ತಡದಲ್ಲಿ ಕೂರಿಸಿ ಕಷ್ಟದ ಲೆಕ್ಕ ಮಾಡಿಸಿದರು. ಒತ್ತಡದಲ್ಲಿ ಹೆಚ್ಚು ಕುಸಿದವರು ಜಾಗ ಜಾಸ್ತಿ ಇದ್ದವರೇ. ಅವರು ಸಾಮಾನ್ಯವಾಗಿ ಬಳಸುವ ದಾರಿಗಳಿಗೆ ಆ ಜಾಗ ಪೂರ್ತಿ ಬೇಕು. ಚಿಂತೆ ಬಂದು ಅದನ್ನು ಕಿತ್ತುಕೊಂಡಾಗ ಅವರ ಅನುಕೂಲವೇ ಹೋಗುತ್ತದೆ. ತರಗತಿಯಲ್ಲಿ ಚುರುಕಾಗಿದ್ದ ಹುಡುಗ ದೊಡ್ಡ ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ "ಸೋಮಾರಿ, ಓದಿಲ್ಲ" ಅನ್ನುವ ಮುಂಚೆ ಇದನ್ನು ನೆನಪಿಸಿಕೊಳ್ಳಬೇಕು.

ಹೀಗೆ ಒಂದು ಕಡೆ ಗಮನ ಕೆಲಸದ ಒಳಗೆ ವಿಪರೀತ ನುಗ್ಗುತ್ತದೆ. ಇನ್ನೊಂದು ಕಡೆ ಕೆಲಸದಿಂದ ಆಚೆ ಓಡಿಹೋಗುತ್ತದೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಕೈಕಾಲಿನ ಕೆಲಸಕ್ಕೆ ಹೇಳುವ "ಜಾಸ್ತಿ ಯೋಚಿಸಬೇಡ" ಅನ್ನುವ ಮಾತನ್ನು ಗಣಿತ ಪರೀಕ್ಷೆಗೆ ಹೇಳಲಾಗದು.

ಯಾರೋ ನೋಡುತ್ತಿದ್ದಾರೆ

ನೋಡುವವರು ಇದ್ದಾಗ ಏನಾಗುತ್ತದೆ ಅನ್ನುವುದು ಈ ಕ್ಷೇತ್ರದ ಹಳೆಯ ಪ್ರಶ್ನೆಗಳಲ್ಲಿ ಒಂದು. ಸೈಕಲ್ ಸವಾರರು ಒಬ್ಬರೇ ಓಡಿಸುವುದಕ್ಕಿಂತ ಇನ್ನೊಬ್ಬರ ಜೊತೆ ಓಡಿಸಿದಾಗ ವೇಗವಾಗಿ ಹೋಗುತ್ತಾರೆ ಅಂತ ಗಮನಿಸಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದರು. ಆದರೆ ಜನರೆದುರು ಕೆಲಸ ಕೆಡುವುದನ್ನೂ ಎಲ್ಲರೂ ನೋಡಿದ್ದರು. ಈ ಗೊಂದಲವನ್ನು 1965ರಲ್ಲಿ ರಾಬರ್ಟ್ ಝಾಯನ್ಸ್ ಬಿಡಿಸಿದರು. ಪಕ್ಕದಲ್ಲಿ ಬೇರೆಯವರು ಇದ್ದರೆ ಮೈ ಚುರುಕಾಗುತ್ತದೆ. ಆಗ ಯಾವುದು ಚೆನ್ನಾಗಿ ರೂಢಿಯಾಗಿದೆಯೋ ಅದೇ ಮುಂದೆ ಬರುತ್ತದೆ. ಪಳಗಿದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ.

1969ರಲ್ಲಿ ಅವರು ಇದನ್ನು ಜಿರಳೆಗಳ ಮೇಲೂ ಪರೀಕ್ಷಿಸಿದರು. ಬೆಳಕಿನಿಂದ ತಪ್ಪಿಸಿಕೊಂಡು ನೇರ ದಾರಿಯಲ್ಲಿ ಓಡುವಾಗ, ಬೇರೆ ಜಿರಳೆಗಳು ನೋಡುತ್ತಿದ್ದರೆ ಅವು ಬೇಗ ಓಡಿದವು. ತಿರುವು ಇರುವ ದಾರಿಯಲ್ಲಿ ಬಿಟ್ಟಾಗ, ನೋಡುವವರಿದ್ದರೆ ನಿಧಾನವಾದವು. ಜಿರಳೆಗೆ ಮಾನ ಹೋಗುವ ಚಿಂತೆ ಇಲ್ಲ. ಆದ್ದರಿಂದ ಸಭಾಕಂಪದ ಒಂದು ಭಾಗ ನಮ್ಮ ಸ್ವಭಾವದ ದೌರ್ಬಲ್ಯವೇ ಅಲ್ಲ, ಜೀವಿಗಳಲ್ಲಿ ಮೂಲದಲ್ಲೇ ಇರುವಂಥದ್ದು ಅಂತ ಅನ್ನಿಸುತ್ತದೆ.

ವೇದಿಕೆ ಹತ್ತುವವರಿಗೆ ಇದರಿಂದ ಒಂದು ನೇರ ಉಪಯೋಗ ಇದೆ. ಭಾಷಣ ಇಡೀ ಬಾಯಿಪಾಠ ಮಾಡುವುದಕ್ಕಿಂತ ಮೊದಲ ಎರಡು ಮೂರು ವಾಕ್ಯಗಳನ್ನು ನಿದ್ದೆಗಣ್ಣಲ್ಲೂ ಬರುವಷ್ಟು ಗಟ್ಟಿ ಮಾಡಿಕೊಳ್ಳಿ. ಮೈ ಅತಿ ಜಾಸ್ತಿ ಚುರುಕಾಗಿರುವುದು ಶುರುವಿನ ನಿಮಿಷಗಳಲ್ಲೇ. ಆಗ ಹೊಸ ವಾಕ್ಯ ಹುಡುಕುವ ಕೆಲಸ ಇಟ್ಟುಕೊಳ್ಳಬಾರದು.

ಎದೆ ಬಡಿದುಕೊಳ್ಳುವಾಗ "ಶಾಂತವಾಗು, ಶಾಂತವಾಗು" ಅಂದುಕೊಳ್ಳುವುದೂ ಅಷ್ಟೊಂದು ಉಪಯೋಗಕ್ಕೆ ಬರುವುದಿಲ್ಲ. ಹಾಡುವ, ಮಾತಾಡುವ, ಲೆಕ್ಕ ಮಾಡುವ ಮುಂಚೆ "ನನಗೆ ಹುರುಪಾಗಿದೆ" ಅಂತ ಗಟ್ಟಿಯಾಗಿ ಹೇಳಿಕೊಂಡವರು, "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು ಅಂತ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ವರದಿ ಮಾಡಿದರು. ಭಯಕ್ಕೂ ಹುರುಪಿಗೂ ಎದೆಬಡಿತ ಒಂದೇ ಥರ. ಬಡಿತವನ್ನು ಇಳಿಸುವುದಕ್ಕಿಂತ ಅದರ ಅರ್ಥ ಬದಲಿಸುವುದು ಸುಲಭ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಂಪನಿಗಳ ತರಬೇತಿಯಲ್ಲಿ ಗುಡ್ಡದ ಆಕಾರದ ಒಂದು ಗೆರೆ ತೋರಿಸುತ್ತಾರೆ. ಒತ್ತಡ ಕಡಿಮೆಯಿದ್ದರೂ ಕೆಲಸ ಆಗದು, ಜಾಸ್ತಿಯಾದರೂ ಆಗದು, ನಡುವೆ ಇರಬೇಕು ಅಂತ. ಇದರ ಮೂಲ ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಮಾಡಿದ ಪ್ರಯೋಗ. ಅವರು ಇಲಿಗಳಿಗೆ ವಿದ್ಯುತ್ ಶಾಕ್ ಕೊಟ್ಟು, ಅವು ಬೆಳಕು ಕತ್ತಲೆಯ ವ್ಯತ್ಯಾಸ ಎಷ್ಟು ಬೇಗ ಕಲಿಯುತ್ತವೆ ಅಂತ ನೋಡಿದ್ದರು. ಅದನ್ನು ಹಿಡಿದುಕೊಂಡು "ನಮ್ಮ ನೌಕರರಿಗೆ ಸ್ವಲ್ಪ ಒತ್ತಡ ಇದ್ದರೆ ಒಳ್ಳೆಯದು" ಅಂತ ಡೆಡ್‌ಲೈನ್ ಬಿಗಿ ಮಾಡುವುದು ನ್ಯಾಯವಲ್ಲ.

ಪೆನಾಲ್ಟಿ ಒದೆಯುವವರ ಪಾಠ

ಒತ್ತಡವನ್ನು ಬಿಡಿಸಿ ನೋಡಲು ಫುಟ್‌ಬಾಲ್ ಪೆನಾಲ್ಟಿ ಶೂಟೌಟ್‌ನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಪಂದ್ಯ ಸಮವಾದಾಗ ಎರಡೂ ತಂಡದವರು ಸರದಿಯಂತೆ ಒಬ್ಬೊಬ್ಬರೇ ಗೋಲಿಗೆ ಒದ್ದು ಗೆದ್ದವರನ್ನು ತೀರ್ಮಾನಿಸುವುದೇ ಶೂಟೌಟ್. ಹನ್ನೊಂದು ಮೀಟರ್ ದೂರ. ನಿಂತ ಚೆಂಡು. ಗೋಲ್‌ಕೀಪರ್ ಬಿಟ್ಟರೆ ಅಡ್ಡ ಬರುವವರು ಯಾರೂ ಇಲ್ಲ. ವೃತ್ತಿಪರ ಆಟಗಾರನಿಗೆ ಇದೇನೂ ಕಷ್ಟದ ಒದೆತ ಅಲ್ಲ. ಅಭ್ಯಾಸದಲ್ಲಿ ಇರದೆ ಪಂದ್ಯದಲ್ಲಿ ಮಾತ್ರ ಇರುವುದು ಒತ್ತಡ ಒಂದೇ.

ನಾರ್ವೆಯ ಗೈರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಶೂಟೌಟ್ ವಿಡಿಯೊಗಳನ್ನು ಕೂತು ಲೆಕ್ಕ ಹಾಕಿದರು. ಗೋಲಾದರೆ ತಂಡ ಅಲ್ಲೇ ಗೆಲ್ಲುತ್ತದೆ ಅನ್ನುವ ಒದೆತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗೋಲಾಗಿದ್ದವು. ತಪ್ಪಿದರೆ ತಂಡ ಅಲ್ಲೇ ಸೋಲುತ್ತದೆ ಅನ್ನುವ ಒದೆತಗಳಲ್ಲಿ ಅರವತ್ತರ ಆಸುಪಾಸು ಮಾತ್ರ. ದೂರ ಅದೇ, ಚೆಂಡು ಅದೇ, ಗೋಲಿನ ಅಗಲವೂ ಅದೇ. ಬದಲಾಗಿದ್ದು ತಲೆಯಲ್ಲಿ ಎದುರಿಗಿರುವ ಚಿತ್ರ. ಒಂದು ಕಡೆ ಸಿಗಬಹುದಾದದ್ದು, ಇನ್ನೊಂದು ಕಡೆ ಕಳೆದುಕೊಳ್ಳಬಹುದಾದದ್ದು.

ಅವರು ಇನ್ನೊಂದನ್ನೂ ಗಮನಿಸಿದರು. ಒತ್ತಡ ಜಾಸ್ತಿ ಇದ್ದಾಗ ಆಟಗಾರರು ಬೇಗ ಬೇಗ ಮುಗಿಸಲು ನೋಡುತ್ತಾರೆ. ಗೋಲ್‌ಕೀಪರ್‌ಗೆ ಬೆನ್ನು ತಿರುಗಿಸುತ್ತಾರೆ. ರೆಫರಿ ಸೀಟಿ ಊದಿದ್ದೇ ತಡ ಓಡಿಬಿಡುತ್ತಾರೆ. ಹಿಂಸೆ ಬೇಗ ಮುಗಿಯಲಿ ಅಂತ ಮನಸ್ಸು ಅವಸರ ಮಾಡುತ್ತದೆ. ಹೀಗೆ ಅವಸರ ಮಾಡಿದವರಲ್ಲಿ ಇಂಗ್ಲೆಂಡಿನವರು ಮುಂದಿದ್ದರು. ಅವರು 1990, 1998 ಮತ್ತು 2006ರ ವಿಶ್ವಕಪ್‌ಗಳಲ್ಲಿ ಶೂಟೌಟ್‌ನಲ್ಲೇ ಸೋತು ಹೊರಬಿದ್ದಿದ್ದರು. 1996ರ ಯುರೋ (ಯುರೋಪಿನ ದೇಶಗಳ ಟೂರ್ನಿ) ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ ಶೂಟೌಟ್‌ನಲ್ಲಿ ಗೋಲು ಹೊಡೆಯಲಾಗದ ಗ್ಯಾರೆತ್ ಸೌತ್‌ಗೇಟ್ ಮುಂದೆ ಇದೇ ತಂಡದ ಮ್ಯಾನೇಜರ್ ಆದರು.

ಶೂಟೌಟ್ ಅಂದರೆ ಲಾಟರಿ ಅನ್ನುವ ಮಾತನ್ನು ಸೌತ್‌ಗೇಟ್ ಒಪ್ಪಲಿಲ್ಲ. 2018ರ ವಿಶ್ವಕಪ್‌ಗೆ ಮುಂಚೆ ಅವರ ತಂಡ ಮನಶ್ಶಾಸ್ತ್ರಜ್ಞೆ ಪಿಪ್ಪಾ ಗ್ರೇಂಜ್ ಅವರ ಜೊತೆ ಕೆಲಸ ಮಾಡಿತು. ಒದೆಯುವವರು ಯಾರು ಅಂತ ಮುಂಚೆಯೇ ತಯಾರಿ ನಡೆಯಿತು. ಆಟಗಾರರು ಅವಸರ ಮಾಡದೆ ಸಮಯ ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ತಾವೇ ಚೆಂಡು ತಂದು ತಮ್ಮ ತಂಡದವರ ಕೈಗೆ ಕೊಡುತ್ತಿದ್ದರು. ನೋಡಲು ಇದು ತೀರಾ ಚಿಕ್ಕ ವಿಷಯ. ಆದರೆ ಎದುರಾಳಿ ಕೀಪರ್ ಚೆಂಡನ್ನು ಆಚೆ ಎಸೆದು ಕೆಣಕಲು ಅವಕಾಶ ಉಳಿಯಲಿಲ್ಲ. ಒದೆಯುವವನ ಕಣ್ಣಿಗೆ ಕೊನೆಯಲ್ಲಿ ಬಿದ್ದದ್ದು ತನ್ನವನ ಮುಖ. 2018ರ ಜುಲೈ 3ರಂದು ಮಾಸ್ಕೋದಲ್ಲಿ ಕೊಲಂಬಿಯಾ ವಿರುದ್ಧ 4-3ರಿಂದ ಗೆದ್ದು, ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮೊದಲ ಸಲ ಶೂಟೌಟ್ ದಾಟಿತು.

ಮೂರು ವರ್ಷದ ನಂತರ ಯುರೋ ಫೈನಲ್‌ನಲ್ಲಿ ಇಟಲಿ ವಿರುದ್ಧ ಅದೇ ಇಂಗ್ಲೆಂಡ್ ಶೂಟೌಟ್‌ನಲ್ಲಿ ಸೋತಿತು. 2024ರ ಯುರೋದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಐದಕ್ಕೆ ಐದೂ ಗೋಲು ಹೊಡೆದು ಗೆದ್ದಿತು. ಮನಶ್ಶಾಸ್ತ್ರ ಗೆಲುವಿನ ಗ್ಯಾರಂಟಿ ಕಾರ್ಡ್ ಕೊಡುವುದಿಲ್ಲ. ಹಾಗೆ ಕೊಡುತ್ತೇನೆ ಅನ್ನುವವರ ಹತ್ತಿರ ದುಡ್ಡು ಕೊಡಬೇಡಿ.

ಒತ್ತಡವನ್ನೇ ಅಭ್ಯಾಸ ಮಾಡುವುದು

ಮತ್ತೆ ಬಿಂದ್ರಾ ವಿಷಯಕ್ಕೆ ಬರೋಣ. ಅಥೆನ್ಸ್ ಫೈನಲ್‌ನಲ್ಲಿ ತಾವು ನಿಂತ ಜಾಗದ ಟೈಲ್ ಅಲುಗಾಡುತ್ತಿತ್ತು ಅಂತ ಅವರು ಹೇಳಿದ್ದಾರೆ. ಅದರ ನಂತರ ಅವರ ತಯಾರಿಯ ದಾರಿ ಬದಲಾಯಿತು. ಎಲ್ಲವೂ ಸರಿಯಿದ್ದಾಗ ಗುರಿ ಹಿಡಿಯುವುದನ್ನು ಮಾತ್ರ ಅಲ್ಲ, ಏನೋ ಕೆಟ್ಟಾಗ ಗುರಿ ಹಿಡಿಯುವುದನ್ನೂ ಅವರು ಅಭ್ಯಾಸ ಮಾಡಿದರು. ಬೀಜಿಂಗ್‌ಗೆ ಹೊರಡುವ ಮುಂಚೆ ಜರ್ಮನಿಯಲ್ಲಿ, ಕಮಾಂಡೊಗಳ ತರಬೇತಿಗೆ ಇರುವ ಎತ್ತರದ ಕಂಬವೊಂದನ್ನು ಹತ್ತಿದರು. ಮೇಲೆ ಹೋದಷ್ಟೂ ಕಂಬ ತೂಗಾಡುತ್ತದೆ. ನಡುವೆ ಭಯವಾಗಿ ನಿಂತು, ಮತ್ತೆ ಹತ್ತಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಬೀಜಿಂಗ್‌ನಲ್ಲಿ ಫೈನಲ್‌ಗೆ ಮುಂಚಿನ ಪರೀಕ್ಷಾ ಗುಂಡು ನಾಲ್ಕರ ವೃತ್ತಕ್ಕೆ ಹೋಯಿತು. ಬಂದೂಕಿನ ಗುರಿ ಹೊಂದಾಣಿಕೆ ತಪ್ಪಿತ್ತು. ಅವರು ಅದನ್ನು ಸರಿ ಮಾಡಿಕೊಂಡು ಮುಂದುವರಿದರು.

ಇದಕ್ಕೆ ಪ್ರಯೋಗಗಳ ಬೆಂಬಲವೂ ಇದೆ. ನೆದರ್ಲೆಂಡ್ಸ್‌ನ ರೌಲ್ ಔಡೆಯಾನ್ಸ್ ಮತ್ತು ಸಂಗಡಿಗರು ಗೋಡೆ ಹತ್ತುವ ಜಾಗದಲ್ಲಿ ಕೆಲವರನ್ನು ಎತ್ತರದಲ್ಲಿ, ಕೆಲವರನ್ನು ನೆಲದ ಹತ್ತಿರ ನಿಲ್ಲಿಸಿ ಡಾರ್ಟ್ ಎಸೆಸಿದರು. ಸ್ವಲ್ಪ ಭಯದ ನಡುವೆ ಅಭ್ಯಾಸ ಮಾಡಿದವರು ಆಮೇಲೆ ಭಯದಲ್ಲೂ ಗುರಿ ತಪ್ಪಲಿಲ್ಲ. ಪೊಲೀಸರ ಮೇಲೂ ಇಂಥ ಪ್ರಯೋಗ ಮಾಡಿದರು. ಕೆಲವರಿಗೆ ರಟ್ಟಿನ ಗುರಿಗೆ ಗುಂಡು ಹೊಡೆಯುವ ಅಭ್ಯಾಸ. ಇನ್ನು ಕೆಲವರಿಗೆ ಬಣ್ಣದ ಸೋಪು ತುಂಬಿದ ಗುಂಡಿನಿಂದ ತಿರುಗಿ ಹೊಡೆಯುವ ಎದುರಾಳಿಯ ಮುಂದೆ ಅಭ್ಯಾಸ. ಹೀಗೆ ಎದುರಾಳಿ ಮುಂದೆ ಕಲಿತವರು ನಂತರದ ಒತ್ತಡದಲ್ಲಿ ಕೆಡಲಿಲ್ಲ. ಒತ್ತಡ ತುಂಬಾ ಜಾಸ್ತಿ ಇರಬೇಕಾಗಿಯೂ ಇಲ್ಲ. ಸಣ್ಣ ಭಯವೂ ಸಾಕು.

ಸಂದರ್ಶನಕ್ಕೆ ತಯಾರಾಗುವವರು ಕನ್ನಡಿ ಮುಂದೆ ಮಾತಾಡುವುದಕ್ಕಿಂತ, ಪರಿಚಯ ಕಡಿಮೆ ಇರುವ ಇಬ್ಬರ ಮುಂದೆ ಕೂತು ಮಾತಾಡುವುದು ಈ ಕಾರಣಕ್ಕೆ ಒಳ್ಳೆಯದು. ಪರೀಕ್ಷೆಗೆ ಓದುವವರಿಗೆ ಇನ್ನೂ ಸುಲಭದ ದಾರಿ ಇದೆ. ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಹಳೆಯ ಪ್ರಶ್ನೆಪತ್ರಿಕೆ ಬರೆಯುವುದು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಇದನ್ನು ಪರೀಕ್ಷಿಸಿದರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಒಂದು ವಾರದ ನಂತರ ನೂರಕ್ಕೆ ಸುಮಾರು 40ರಷ್ಟು ನೆನಪಿತ್ತು. ಒಂದು ಸಲ ಓದಿ, ಉಳಿದ ಸಲ ನೋಡದೆ ನೆನಪು ಮಾಡಿಕೊಂಡವರಿಗೆ ಸುಮಾರು 61ರಷ್ಟು. 2016ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದವರು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ನೆನಪು ಮಾಡಿಕೊಂಡು ಕಲಿತವರ ಜ್ಞಾಪಕ ಒತ್ತಡ ಬಂದಾಗಲೂ ಕುಸಿಯಲಿಲ್ಲ. ಬರೀ ಓದಿದವರದ್ದು ಕುಸಿಯಿತು. ಹೈಲೈಟರ್‌ನಿಂದ ಗೆರೆ ಎಳೆದು ಮೂರನೇ ಸಲ ಓದುತ್ತಿರುವ ಮಗುವಿಗೆ ಯಾರಾದರೂ ಇದನ್ನು ಹೇಳಲೇಬೇಕು.

ಇದೇ ಸಾಲಿನಲ್ಲಿ ತುಂಬಾ ಹೆಸರು ಮಾಡಿದ ಇನ್ನೊಂದು ಸಲಹೆ ಇದೆ. ಪರೀಕ್ಷೆಗೆ ಹತ್ತು ನಿಮಿಷ ಮುಂಚೆ ನಿಮ್ಮ ಚಿಂತೆಗಳನ್ನು ಹಾಳೆಯಲ್ಲಿ ಬರೆಯಿರಿ, ತಲೆ ಹಗುರಾಗುತ್ತದೆ ಅಂತ. 2011ರಲ್ಲಿ ಜೆರಾರ್ಡೊ ರಮಿರೆಝ್ ಮತ್ತು ಬೈಲಾಕ್ ಇದರಿಂದ ಅಂಕ ಏರಿತು ಅಂತ ತೋರಿಸಿದ್ದರು. ಆದರೆ 2018ರಲ್ಲಿ ಬೇರೆ ತಂಡ ಹೆಚ್ಚು ಜನರನ್ನು ಸೇರಿಸಿಕೊಂಡು ಅದನ್ನೇ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಬರೆಯುವುದರಿಂದ ನಷ್ಟವೇನಿಲ್ಲ. ಆದರೆ ಅದನ್ನೇ ನಂಬಿ ಕೂರುವಷ್ಟು ಗಟ್ಟಿ ಆಧಾರ ಇಲ್ಲ.

ಗಮನಕ್ಕೆ ಒಂದು ಜಾಗ

ಆಸ್ಟ್ರೇಲಿಯಾದ ಬ್ಯಾಟರ್ ಸ್ಟೀವ್ ಸ್ಮಿತ್ ಪ್ರತಿ ಚೆಂಡಿಗೆ ಮುಂಚೆ ಪ್ಯಾಡು, ಹೆಲ್ಮೆಟ್ಟು, ಗ್ಲೌಸು ಮುಟ್ಟಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ನೋಡುವವರಿಗೆ ಅದು ಮೂಢನಂಬಿಕೆ ಥರ ಕಾಣುತ್ತದೆ. ಕ್ರೀಡಾ ಮನಶ್ಶಾಸ್ತ್ರದಲ್ಲಿ ಇಂಥ ಕ್ರಮಕ್ಕೆ ಸ್ಪಷ್ಟವಾದ ಕೆಲಸ ಇದೆ. ಹಿಂದಿನ ಚೆಂಡು ಮುಗಿದು ಮುಂದಿನ ಚೆಂಡು ಬರುವ ನಡುವಿನ ಖಾಲಿ ಸಮಯದಲ್ಲೇ ಚಿಂತೆ ನುಗ್ಗುವುದು. ಆ ಖಾಲಿ ಜಾಗವನ್ನು ಗೊತ್ತಾದ ನಾಲ್ಕು ಕೆಲಸಗಳಿಂದ ತುಂಬಿದರೆ ಗಮನ ಅಲ್ಲಿ ಇಲ್ಲಿ ಅಲೆಯುವುದಿಲ್ಲ.

ರಾಹುಲ್ ದ್ರಾವಿಡ್ ಟೆಸ್ಟ್‌ಗಳಲ್ಲಿ 31,258 ಚೆಂಡುಗಳನ್ನು ಎದುರಿಸಿದ್ದಾರೆ. ಅಷ್ಟು ಚೆಂಡು ಆಡಿದವರು ಬೇರೆ ಯಾರೂ ಇಲ್ಲ. 2001ರಲ್ಲಿ ಕೋಲ್ಕತ್ತಾದಲ್ಲಿ ಲಕ್ಷ್ಮಣ್ ಜೊತೆ ನಾಲ್ಕನೇ ದಿನ ಇಡೀ ಔಟಾಗದೆ ಆಡಿದರು. ದಿನವಿಡೀ ಬಿಗಿಯಾಗಿ ಗಮನ ಹಿಡಿದುಕೊಂಡಿರಲು ಯಾರಿಗೂ ಆಗದು. ಬೌಲರ್ ಓಡಿ ಬರುವಾಗ ಗಮನ ಬಿಗಿಯಾಗಬೇಕು, ಚೆಂಡು ಕೀಪರ್ ಕೈ ಸೇರಿದ ಮೇಲೆ ಸಡಿಲಾಗಬೇಕು, ಮತ್ತೆ ಬಿಗಿಯಾಗಬೇಕು. ಈ ಬಿಗಿ ಸಡಿಲದ ಕಲೆ ಇಲ್ಲದವರಿಗೆ ಉದ್ದದ ಇನಿಂಗ್ಸ್ ಕಷ್ಟ. ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವರಿಗೂ ಇದು ಹೊಂದುತ್ತದೆ. ಎರಡು ಮೀಟಿಂಗ್ ನಡುವಿನ ಐದು ನಿಮಿಷದಲ್ಲಿ ಫೋನ್ ತೆಗೆದರೆ ಗಮನ ಸಡಿಲಾಗುವುದಿಲ್ಲ, ಸುಮ್ನೆ ಇನ್ನೊಂದು ಕಡೆ ಬಿಗಿಯಾಗುತ್ತದೆ.

ಗಮನ ಎಲ್ಲಿಡಬೇಕು ಅನ್ನುವುದಕ್ಕೆ ಗೇಬ್ರಿಯಲ್ ವುಲ್ಫ್ 1998ರಿಂದ ಮಾಡಿದ ಪ್ರಯೋಗಗಳು ದಾರಿ ತೋರಿಸುತ್ತವೆ. ದೇಹದ ಭಾಗದ ಬದಲು ಚಲನೆಯ ಫಲದ ಮೇಲೆ ಗಮನ ಇಟ್ಟಾಗ ಜನ ಚೆನ್ನಾಗಿ ಮಾಡುತ್ತಾರೆ. ಬೌಲರ್‌ಗೆ ಮಣಿಕಟ್ಟಿನ ಬದಲು ಚೆಂಡು ಬೀಳಬೇಕಾದ ಜಾಗ. ಸ್ಕೂಟರ್ ಕಲಿಯುವವರಿಗೆ ಹ್ಯಾಂಡಲ್ ಹಿಡಿದ ಕೈಯ ಬದಲು ಮುಂದಿನ ರಸ್ತೆ. ಭಾಷಣಕಾರನಿಗೆ ತನ್ನ ದನಿಯ ನಡುಕದ ಬದಲು ಮೂರನೇ ಸಾಲಿನಲ್ಲಿ ಕೂತವರಿಗೆ ವಿಷಯ ಮುಟ್ಟಿತೇ ಅನ್ನುವುದು.

ನೆನಪನ್ನು ನಂಬದ ಕೆಲಸಗಳು

ಕೆಲವು ಕೆಲಸಗಳಲ್ಲಿ ಗಮನ ಒಮ್ಮೆ ತಪ್ಪಿದರೂ ಜೀವ ಹೋಗುತ್ತದೆ. ಅಲ್ಲಿ ಮನುಷ್ಯನನ್ನು ಗಟ್ಟಿ ಮಾಡುವುದಕ್ಕಿಂತ ವ್ಯವಸ್ಥೆಯನ್ನು ಗಟ್ಟಿ ಮಾಡುವುದು ಮೇಲು. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ 299 ಎಂಬ ಹೊಸ ವಿಮಾನ ಹಾರಿದ ಕೂಡಲೇ ಬಿದ್ದು ಉರಿಯಿತು. ಹಾರಿಸಿದವರು ಅನುಭವಿ ಪೈಲಟ್‌ಗಳು. ವಿಮಾನ ನಿಂತಿದ್ದಾಗ ಗಾಳಿಗೆ ಬಾಲದ ಭಾಗಗಳು ಅಲುಗಾಡದಿರಲಿ ಅಂತ ಹಾಕುವ ಲಾಕ್ ತೆಗೆಯುವುದನ್ನು ಅವರು ಮರೆತಿದ್ದರು. ಸೇನೆ ಇದಕ್ಕೆ ಕಂಡುಕೊಂಡ ಪರಿಹಾರ ಒಂದು ಹಾಳೆ. ಹಾರುವ ಮುಂಚೆ ನೋಡಬೇಕಾದ್ದನ್ನೆಲ್ಲ ಸಾಲಾಗಿ ಬರೆದ ಚೆಕ್‌ಲಿಸ್ಟ್. ಅದೇ ವಿಮಾನ ಮುಂದೆ ಬಿ-17 ಆಗಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ಬಿ-17ರಲ್ಲೇ ಇನ್ನೊಂದು ತೊಂದರೆ ಕಾಣಿಸಿತು. ಇಳಿದ ಮೇಲೆ ಪೈಲಟ್‌ಗಳು ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುವ ಪಟ್ಟಿ) ಒಳಗೆ ಎಳೆಯುವ ಬದಲು ಚಕ್ರಗಳನ್ನು ಮಡಚಿಬಿಡುತ್ತಿದ್ದರು. ಪೈಲಟ್‌ನ ತಪ್ಪು ಅಂತ ವರದಿ ಬರೆದು ಮುಗಿಸಬಹುದಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ಒಳಗೆ ನೋಡಿದರು. ಎರಡೂ ಹಿಡಿಗಳು ಒಂದೇ ಥರ, ಪಕ್ಕಪಕ್ಕದಲ್ಲೇ ಇದ್ದವು. ಚಕ್ರದ ಹಿಡಿಗೆ ರಬ್ಬರ್ ಚಕ್ರ, ಫ್ಲ್ಯಾಪ್ ಹಿಡಿಗೆ ತ್ರಿಕೋನದ ತುಂಡು ಕೂರಿಸಿದರು. ಕತ್ತಲಲ್ಲೂ ಕೈಗೆ ಗೊತ್ತಾಗುವ ಹಾಗಾಯಿತು. ಈ ವಿಜ್ಞಾನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಕ್ಷಣ ಇದು. ಬೈಗುಳದಿಂದ ನಿಲ್ಲದ ತಪ್ಪನ್ನು ಒಂದು ರಬ್ಬರ್ ತುಂಡು ನಿಲ್ಲಿಸಿತು.

ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ತೋರಿಸಿ, ಅದರ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತಾರೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಮಾಡಿದ ಪರೀಕ್ಷೆಯಲ್ಲಿ, ಬೆರಳು ತೋರಿಸಿ ಹೇಳಿದಾಗ ತಪ್ಪುಗಳು ನೂರಕ್ಕೆ 2.38ರಿಂದ 0.38ಕ್ಕೆ ಇಳಿದವು. ನಮ್ಮ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಸಿಗ್ನಲ್ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಬೇಕು. ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ತಿರುಗಿ ಬರುವವರು ಇದನ್ನು ಮನೆಯಲ್ಲೂ ಮಾಡಬಹುದು. ರೆಗ್ಯುಲೇಟರ್ ಮುಟ್ಟಿ "ಗ್ಯಾಸ್ ಆಫ್" ಅಂತ ಒಮ್ಮೆ ಬಾಯಿಬಿಟ್ಟು ಹೇಳಿ. ಕೆಲಸ ತಾನಾಗಿ ನಡೆದುಹೋದಾಗ ನೆನಪು ಉಳಿಯುವುದಿಲ್ಲ. ಬಾಯಿ ಮತ್ತು ಕೈ ಸೇರಿದರೆ ಉಳಿಯುತ್ತದೆ.

ಚೆಕ್‌ಲಿಸ್ಟ್ ಆಪರೇಷನ್ ಥಿಯೇಟರ್‌ಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಪಟ್ಟಿ ಮಾಡಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಇದನ್ನು ಕಡ್ಡಾಯ ಮಾಡಿದಾಗ ಅಂಥ ಇಳಿಕೆ ಕಾಣಲಿಲ್ಲ ಅಂತ 2014ರ ಅಧ್ಯಯನ ಹೇಳಿತು. ಹಾಳೆಯ ಮೇಲೆ ಟಿಕ್ ಹಾಕುವುದಕ್ಕೂ, ತಂಡದವರೆಲ್ಲ ಒಂದು ನಿಮಿಷ ನಿಂತು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದಕ್ಕೂ ಅಂತರ ಇದೆ. ಹಿರಿಯ ಸರ್ಜನ್‌ಗೆ "ಸಾರ್, ಒಂದು ನಿಮಿಷ" ಅನ್ನಲು ನರ್ಸ್‌ಗೆ ಧೈರ್ಯ ಸಿಗದ ಕಡೆ 19 ಅಂಶ ಇದ್ದರೂ ಒಂದೇ, ತೊಂಬತ್ತಿದ್ದರೂ ಒಂದೇ.

ಅಭ್ಯಾಸಕ್ಕೆ ಸಿಗದ ಭಯ

2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು. ಒಂದೂವರೆ ಸುತ್ತಿಗೇ ಇಳಿದರು. ಗಾಳಿಯಲ್ಲಿ ತಾನು ಎಲ್ಲಿದ್ದೇನೆ ಅನ್ನುವುದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರು ತಂಡದ ಫೈನಲ್‌ನಿಂದ ಹಿಂದೆ ಸರಿದರು. ಹೇಡಿ ಅಂದವರೂ ಇದ್ದರು. ತಲೆ ಕೆಳಗಾಗಿ ಬಿದ್ದರೆ ಕತ್ತು ಮುರಿಯುವ ಆಟದಲ್ಲಿ ದೇಹದ ದಿಕ್ಕು ತಪ್ಪಿದಾಗ ನಿಲ್ಲಿಸುವುದೇ ಸರಿಯಾದ ತೀರ್ಮಾನ. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಆ ನಡುವೆ ಅವರು ವಿಶ್ರಾಂತಿ ತೆಗೆದುಕೊಂಡರು, ಥೆರಪಿಯನ್ನೂ ಪಡೆದರು.

ಮೇಲೆ ಹೇಳಿದ ಉಪಾಯಗಳೆಲ್ಲ ಒಂದು ಪರೀಕ್ಷೆ, ಒಂದು ಪಂದ್ಯ, ಒಂದು ಭಾಷಣದ ಭಯಕ್ಕೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮನೆಯಿಂದ ಹೊರಡಲೇ ಭಯವಾದರೆ ಅದು ಬೇರೆ. ಅದಕ್ಕೆ ಚೆಕ್‌ಲಿಸ್ಟ್ ಸಾಲದು, ವೈದ್ಯರು ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.